ನಲವತ್ತರಲ್ಲಿ ಒಂದು

“ಹಗ್ಗ ಇನ್ನೂ ಎಳಿ ಕಣ್ಲಾ, ಅಷ್ಟ್ ತೂಕ ಇರೋದ್ ಯಾಕೆ?” ಎಂದು ಮಂಟಯ್ಯ ಚಟ್ಟದ ಬಿದಿರನ್ನು ಮೊಣಕಾಲಿನಿಂದ ಒತ್ತಿ ಹಿಡಿದ. ಆ ತುದಿಯಲ್ಲಿ ಕನಕರಾಜು ಹಗ್ಗ ಜಗ್ಗಿದ. ಬಿದಿರು ಲಟಕ್ಕೆಂದಿತು.

“ನೋಡು, ತೂಕ ಅಂದ್ರೆ ಇದು. ನೀನೇನ್ ಬುಡಣ್ಣ, ಜೋರಾಗಿ ಗಾಳಿ ಬಂದ್ರೆ ಓಗೋ ಆಳು.”

“ಐವತ್ನಾಲ್ಕೇ ಕೆ.ಜಿ. ಆದ್ರೆ ನಲವತ್ತು ಕುಸ್ತಿ, ಒಂದೂ ಸೋತಿಲ್ಲ. ನೀನು ತೊಂಬತ್ತಾರು ಕೆ.ಜಿ. ಇಟ್ಕೊಂಡು ಏಳು ಸಲ ಸೋತೆ.”

“ನಿನ್ ಕಾಲ್ದಲ್ಲಿ ಎದುರ್ಗೆ ಯಾರಿದ್ರು? ಮುದ್ದೆ ಉಂಡು ನೇಗ್ಲು ಬುಟ್ಟು ಬಂದೋರು! ನಾನು ಮೈಸೂರು, ಬೆಳಗಾವಿ ಪೈಲ್ವಾನ್ರ ಜೊತೆ ಹಿಡ್ದೋನು.”

ಹೆಣ ಅಂಗಳದಲ್ಲಿದೆ, ಹೆಂಗಸರು ಅಳುತ್ತಿದ್ದಾರೆ, ಇವರಿಬ್ಬರ ಜಗಳ ಮಾತ್ರ ನಿಂತಿಲ್ಲ. ಅರವತ್ತರ ದಶಕದ ಮಂಟಯ್ಯ ದೊಡ್ಡವನೋ, ಎಂಬತ್ತರ ದಶಕದ ಕನಕರಾಜು ದೊಡ್ಡವನೋ ಎಂಬುದು ಹುಣಸೂರಿನ ಟೀ ಅಂಗಡಿಗಳಲ್ಲಿ ಹದಿನೈದು ವರ್ಷದಿಂದ ಬಗೆಹರಿಯದ ವ್ಯಾಜ್ಯ. ಒಬ್ಬ ಕುಸ್ತಿ ಬಿಟ್ಟ ಎಷ್ಟೋ ವರ್ಷದ ಮೇಲೆ ಇನ್ನೊಬ್ಬ ಮಟ್ಟಿಗೆ, ಅಂದರೆ ಕುಸ್ತಿಯ ಕಣಕ್ಕೆ, ಇಳಿದವನು. ತೂಕದಲ್ಲಿ ಒಬ್ಬ ಇನ್ನೊಬ್ಬನ ಹೆಚ್ಚುಕಡಿಮೆ ಅರ್ಧ. ತೀರ್ಪು ಹೇಳಬಲ್ಲವನು ಊರಿಗೆಲ್ಲ ಒಬ್ಬನೇ ಇದ್ದ, ಚಿಕ್ಕಮಾದಯ್ಯ. ಅವನೇ ಈಗ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದ.

ಚಿಕ್ಕಮಾದಯ್ಯ ತಂಬಾಕಿನ ಗೋಡೌನಿನಲ್ಲಿ ಬೇಲು ಹೊತ್ತು ಬದುಕಿದವನು. ಆದರೆ ಎಲ್ಲಿ ಕುಸ್ತಿ ನಡೆದರೂ ಜೋಡಿ ಕಟ್ಟಲು, ಅಂದರೆ ಯಾರಿಗೆ ಯಾರು ಸರಿಸಮ ಎಂದು ಗೊತ್ತುಮಾಡಲು, ಸುತ್ತ ನಾಲ್ಕು ತಾಲ್ಲೂಕಿಗೂ ಅವನೇ ಆಗಬೇಕು. ಪೈಲ್ವಾನನ ಸೊಂಟ ಹಿಡಿದು ಒಂದು ಸಲ ಎತ್ತಿ ಇಳಿಸಿ ತೂಕ ಹೇಳಿಬಿಡುತ್ತಿದ್ದ. ಯಂತ್ರ ತಂದು ನೋಡಿದರೆ ಅರ್ಧ ಕೆ.ಜಿ. ಆಚೀಚೆ, ಅಷ್ಟೆ. ಮಂಟಯ್ಯನೋ ಕನಕರಾಜುವೋ ಎಂದು ಕೇಳಿದರೆ ಮಾತ್ರ, “ಕಾಲಾನೂ ಬ್ಯಾರೆ, ತೂಕಾನೂ ಬ್ಯಾರೆ. ಜೋಡೀನೇ ಅಲ್ದಿದ್ದನ್ನ ಎಂಗ್ಲಾ ಕಟ್ಟಾನ?” ಎಂದು ಬೀಡಿ ಹಚ್ಚುತ್ತಿದ್ದ. ಒಂದೇ ಒಂದು ಹಟ ಇತ್ತು ಅವನಿಗೆ: ಮಟ್ಟಿಯ ಸುತ್ತ ಮೂವರು ತೀರ್ಪುಗಾರರು ನಿಲ್ಲದೆ ಕುಸ್ತಿ ಬಿಡಕೂಡದು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಜನ ನಗುತ್ತಿದ್ದರು.

ಅವನ ಹೆಂಡತಿ ಯಶೋದಮ್ಮ ಕಣ್ಣೊರೆಸಿಕೊಂಡು ಎದ್ದು ಬಂದಳು. ಗರಡಿಯ ಯಜಮಾನ ಮಹದೇವಯ್ಯನ ಎದುರು ನಿಂತಳು.

“ಮಾದೇವಯ್ಯನೋರೇ, ಮಟ್ಟಿ ಮಣ್ಣು ತರುಸ್ರಿ. ಅವ್ರ ಎದೆಗೆ ಹಚ್ಬೇಕು.”

ಮಹದೇವಯ್ಯ ತಲೆ ಕೆರೆದುಕೊಂಡ. ಕುಸ್ತಿಯಲ್ಲಿ ಒಮ್ಮೆಯಾದರೂ ಗೆದ್ದವನ ಹೆಣಕ್ಕೆ ಮಾತ್ರ ಗರಡಿಯ ಕೆಮ್ಮಣ್ಣು ಎನ್ನುವುದು ಅವನ ತಾತನ ಕಾಲದಿಂದ ಬಂದ ಕಟ್ಟಳೆ.

“ಚಿಕ್ಕಮಾದ ನನ್ಗೂ ಬೇಕಾದೋನೇ ಕಣವ್ವ. ಆದ್ರೆ ಅವ್ನು ಹಿಡ್ದಿದ್ದೇ ಒಂದು ಕುಸ್ತಿ. ಅದ್ರಲ್ಲೂ ಸೋತ. ಗೆದ್ದೋನು ಇಲ್ಲೇ ಕುಂತವ್ನಲ್ಲ, ಮಂಟಯ್ಯ.”

“ಗೆದ್ದಿದ್ದೀನಿ ಅಂದಿದ್ರು. ಮದ್ವೆಯಾದ್ ವರ್ಸ, ಒಂದೇ ಸಲ. ಮತ್ಯಾಕೆ ಯಾರ್ಗೂ ಯೋಳ್ಲಿಲ್ಲ ಅಂದೆ. ಅವ್ನೀಗ ದೊಡ್ ಪೈಲ್ವಾನ ಆಗವ್ನೆ, ಮರ್ವಾದೆ ತೆಗೀಬಾರ್ದು ಬುಡು ಅಂದ್ರು.”

“ಬಾಯ್ಮಾತಿಗೆ ಮಣ್ಣು ಕೊಡಕಾಯ್ತದಾ, ತಾಯಿ?”

ಯಶೋದಮ್ಮ ಮಂಟಯ್ಯನ ಕಡೆ ನೋಡಲಿಲ್ಲ. ಅದನ್ನೇ ಅವನಿಂದ ತಡೆಯಲಾಗಲಿಲ್ಲ.

* * *

ಮೂವತ್ತೈದು ವರ್ಷದ ಹಿಂದೆ, ಹೊಸ ಅಗ್ರಹಾರದ ಕುಸ್ತಿಯಲ್ಲಿ. ಮಂಟಯ್ಯನಿಗೂ ಚಿಕ್ಕಮಾದಯ್ಯನಿಗೂ ಇಪ್ಪತ್ತು, ಇಬ್ಬರೂ ಐವತ್ತನಾಲ್ಕು ಕೆ.ಜಿ., ಬಹುಮಾನ ಬೆಳ್ಳಿ ಗದೆ. ಹತ್ತು ನಿಮಿಷ ಯಾರೂ ಯಾರಿಗೂ ಸಿಗಲಿಲ್ಲ. ಆಗ ಒಂದು ಕಡೆಯ ಜನ ನೂಕಾಡಿ ಮಟ್ಟಿಯೊಳಕ್ಕೇ ಬಿದ್ದರು. ತೀರ್ಪುಗಾರ ಒಬ್ಬನೇ, ಬೆತ್ತ ಹಿಡಿದು ಅತ್ತ ಓಡಿದ.

ಆ ಗಳಿಗೆಯಲ್ಲೇ ಚಿಕ್ಕಮಾದಯ್ಯ ಮಂಟಯ್ಯನ ಕಾಲಿಗೆ ಕೈ ಹಾಕಿ ಎತ್ತಿ ಅಂಗಾತ ಕೆಡವಿದ. ಎರಡೂ ಹೆಗಲು ಮಟ್ಟಿಯ ಮಣ್ಣಿಗೆ ತಾಗಿದವು. ತಾಗಿದರೆ ಮುಗಿಯಿತು, ಸೋಲೆಂದರೆ ಅದೇ. ಗೆದ್ದೆನೆಂದು ಚಿಕ್ಕಮಾದಯ್ಯ ಹಿಡಿತ ಸಡಿಲಿಸಿದ. ಮಂಟಯ್ಯ ಸಡಿಲಿಸಲಿಲ್ಲ. ಸರಕ್ಕನೆ ಹೊರಳಿ ಅವನನ್ನು ಕೆಳಗೆ ಹಾಕಿಕೊಂಡು ಕೂತ. ತೀರ್ಪುಗಾರ ತಿರುಗಿದಾಗ ಕಂಡದ್ದು ಇಷ್ಟೇ. ಕಂಡವರು ನಾಲ್ಕು ಜನ ಕೂಗಿದರು. ಕಾಣದ ನಾನೂರು ಜನ ಅವರಿಗಿಂತ ಜೋರಾಗಿ ಕೂಗಿದರು.

ನಾನು ಬಿದ್ದಿದ್ದೆ ಅನ್ನಲು ಮಂಟಯ್ಯ ಬಾಯಿ ತೆರೆದ, ನಿಜ. ಅಷ್ಟರಲ್ಲಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡಾಗಿತ್ತು. ನಾಳೆ ಹೇಳೋಣ ಎಂದುಕೊಂಡ. ನಾಳೆ ಗದೆ ನೋಡಲು ಊರೇ ಬಂತು. ಮುಂದಿನ ತಿಂಗಳು ಚಿಕ್ಕಮಾದಯ್ಯನ ಅಪ್ಪ ತೀರಿಕೊಂಡ, ಮಗ ಬೇಲು ಹೊರಲು ಹೋದ, ಮತ್ತೆ ಮಟ್ಟಿಗೆ ಇಳಿಯಲಿಲ್ಲ. ಸಿಕ್ಕಾಗಲೆಲ್ಲ, “ಏನ್ ಮಂಟ, ಸಂದಾಗಿದ್ದೀಯಾ?” ಎಂದು ನಗುತ್ತಿದ್ದ. ಆ ನಗು ಮಂಟಯ್ಯನನ್ನು ಸುಡುತ್ತಿತ್ತು.

* * *

“ಮಾದೇವಯ್ಯ, ಮಣ್ಣು ತರ್ಸು,” ಎಂದ ಮಂಟಯ್ಯ. “ಅವ್ನು ಗೆದ್ದಿದ್ದು ನನ್ ಮೇಲೆ.”

ಅಳುತ್ತಿದ್ದವರೂ ಇತ್ತ ತಿರುಗಿದರು.

“ಏನಂದೆ?” ಎಂದ ಮಹದೇವಯ್ಯ.

“ಅಂಗಾತ ಬಿದ್ದಿದ್ದೋನು ನಾನು. ತೀರ್ಪುಗಾರ ಅತ್ಲಾಗ್ ನೋಡ್ತಿದ್ದ. ಬಾಯ್ ಮುಚ್ಕೊಂಡು ಗದೆ ಈಸ್ಕೊಂಡೆ.” ಮಂಟಯ್ಯ ಕನಕರಾಜುವಿನ ಕಡೆ ತಿರುಗಿದ. “ನಗು ಕಣ್ಲಾ. ನಿನ್ಗೇ ಬುಟ್ಟಿದ್ದು ಇನ್ನು. ನಲವತ್ತಲ್ಲ, ಮೂವತ್ತೊಂಬತ್ತು.”

ಟೀ ಅಂಗಡಿಗೆ ಓಡಿ ಹೇಳಬಹುದಾದ ಸುದ್ದಿ. ಹದಿನೈದು ವರ್ಷದ ವ್ಯಾಜ್ಯ ಕನಕರಾಜುವಿನ ಕೈಗೆ ತಾನಾಗಿ ಬಂದು ಬಿದ್ದಿತ್ತು. ಅವನು ನಗಲಿಲ್ಲ. ಮಹದೇವಯ್ಯನ ಸೊಂಟದಿಂದ ಗರಡಿಯ ಬೀಗದಕೈ ತಾನೇ ಬಿಚ್ಚಿಕೊಂಡು ಹೊರಟ. ಮಂಕರಿ ತುಂಬ ಕೆಮ್ಮಣ್ಣು ತಂದು ಇಳಿಸಿದ.

ಮಹದೇವಯ್ಯ ಚಿಕ್ಕಮಾದಯ್ಯನ ಎದೆಗೆ, ತೋಳಿಗೆ, ಹಣೆಗೆ ಮಣ್ಣು ಹಚ್ಚಿದ. ಯಶೋದಮ್ಮ ಈಗ ಬಾಯಿ ಬಿಟ್ಟು ಅತ್ತಳು.

ಮಂಟಯ್ಯ ಅಂಗಿ ಬಿಚ್ಚಿ ಕನಕರಾಜುವಿನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಕನಕ, ಉಳ್ದಿದ್ದನ್ನ ನನ್ ಬೆನ್ಗೆ ಬಳಿ.”

“ಬ್ಯಾಡ ಕಣಣ್ಣ. ಬಜಾರ್ ಮ್ಯಾಲೇ ಓಗ್ಬೇಕು. ಎಲ್ರೂ ನೋಡ್ತಾರೆ.”

“ನೋಡ್ಲಿ ಅಂತ್ಲೇ ಯೋಳ್ತಿರೋದು. ಬಳಿ.”

ಕನಕರಾಜು ಎರಡು ಕೈ ತುಂಬ ಮಣ್ಣು ತೆಗೆದುಕೊಂಡು ನೀರು ಚಿಮುಕಿಸಿ ಕಲೆಸಿದ. ಮಂಟಯ್ಯನ ಬೆನ್ನ ಹಿಂದೆ ಮಂಡಿಯೂರಿದ.

ತಮಟೆ ಶುರುವಾಯಿತು, ಚಟ್ಟ ಎದ್ದಿತು. ಮುಂದೆ ಮಂಟಯ್ಯ, ಹಿಂದೆ ಕನಕರಾಜು. ಗಿಡ್ಡ ಮಂಟಯ್ಯನ ಹೆಗಲಿಗೆ ಸಮ ಮಾಡಲು ಕನಕರಾಜು ಹೊಳೆಯವರೆಗೂ ಮಂಡಿ ಬಗ್ಗಿಸಿಯೇ ನಡೆದ. ಬಜಾರಿನ ಅಂಗಡಿಯವರು ಎದ್ದು ನಿಂತರು. ಚಟ್ಟದ ಮುಂದೆ ನಡೆಯುತ್ತಿದ್ದ ಆ ಬರಿಬೆನ್ನಿನ ಮೇಲೆ, ಎರಡೂ ಹೆಗಲಿಗೆ ಒಂದೊಂದರಂತೆ, ದೊಡ್ಡ ಕೆಂಪು ಅಂಗೈ ಗುರುತುಗಳು ಬಿಸಿಲಿಗೆ ಒಣಗುತ್ತಿದ್ದವು.