ಚಾಮುಂಡಮ್ಮ ಸತ್ತ ಸುದ್ದಿ

ಚಾಮುಂಡಮ್ಮ ತಾನು ಸತ್ತ ಸುದ್ದಿಯನ್ನು ಕೇಳಿದ್ದು ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ, ಬಚ್ಚಲ ಹಂಡೆಯನ್ನು ಒಲೆಯಿಂದ ಇಳಿಸಿಕೊಂಡು ಅಂಗಳದಲ್ಲಿ ಹುಣಸೇಹಣ್ಣು ಹಚ್ಚಿ ಉಜ್ಜುತ್ತಿದ್ದಾಗ.

ಸುದ್ದಿ ತಂದವನು ಅಂಚೆಯ ಕಿರಣ್‌ಕುಮಾರ್. ಬೈಕಿನಿಂದ ಇಳಿಯದೆ ಒಂದು ಕಾಲು ನೆಲಕ್ಕೂರಿ, ಬಿಳಿ ಲಕೋಟೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

"ಅಮ್ಮಾ, ಇಂಗ್ಲೆಂಡಿಂದ ಬಂದದೆ. ಆದ್ರೆ ನಿಮ್ ಹೆಸ್ರಿಗಲ್ಲ. ಚಾಮುಂಡಮ್ಮನ ಮನೆಯವರಿಗೆ ಅಂತ ಬರ್ದವ್ರೆ."

"ಮನೆಯವ್ರು ಅಂದ್ರೆ ನಾನಲ್ದೆ ಇನ್ಯಾರಪ್ಪ? ಯಜಮಾನ್ರು ಗದ್ದೆ ತಾವ್ಕೆ ಹೋಗವ್ರೆ. ಒಡ್ದು ಓದು."

ಲಕೋಟೆಯೊಳಗೆ ಬಿಳಿ ಹೂವಿನ ಚಿತ್ರವಿದ್ದ ದಪ್ಪ ಕಾರ್ಡು. ಕಿರಣ್‌ಕುಮಾರ್ ಅದನ್ನು ಬಿಡಿಸಿ, ಎರಡು ಸಾಲು ಓದಿ, ಚಾಮುಂಡಮ್ಮನ ಮುಖ ನೋಡಿದ. ಮತ್ತೆ ಕಾರ್ಡು ನೋಡಿದ.

"ಓದು ಅಂದ್ರೆ ಬಾಯ್ ಬುಟ್ಕೊಂಡು ನಿಂತವ್ನೆ ನೋಡು."

"ಅಮ್ಮಾ, ಇದ್ರಲ್ಲಿ ನೀವು ತೀರ್ಕೊಂಡಿದೀರಿ ಕಣಮ್ಮ."

ಚಾಮುಂಡಮ್ಮ ನಕ್ಕಳು. ಹುಣಸೇಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಅದ್ಯಾರ್ ಹೇಳಿದ್ರಂತೆ?" ಎಂದಳು.

"ನಿಮ್ ಗೆಳತಿ ಸುನಂದಮ್ಮೋರು ತಿಳ್ಸಿದ್ರಂತೆ. ಅದ್ ಕೇಳಿ ಮೂರ್ ದಿನ ಅತ್ತೆ ಅಂತ ಬರ್ದವ್ರೆ. ಸಂಕಟ ಆದ್ರೆ ಮನೆಯವ್ರು ಫೋನ್ ಮಾಡ್ಲಿ ಅಂತ ನಂಬ್ರೂ ಕೊಟ್ಟವ್ರೆ. ಉಳಿದದ್ದು..."

ಉಳಿದದ್ದನ್ನು ಚಾಮುಂಡಮ್ಮ ಕೇಳಲಿಲ್ಲ. ಕಾರ್ಡನ್ನು ಕಿತ್ತುಕೊಂಡು, ಅರ್ಧ ಹೊಳೆಯುವ ಹಂಡೆಯನ್ನು ಅಂಗಳದಲ್ಲೇ ಬಿಟ್ಟು ನಡೆದಳು. ಅವಳ ಸಿಟ್ಟು ಕಂಪಲಾಪುರಕ್ಕೆಲ್ಲ ಗೊತ್ತಿದ್ದದ್ದೇ. ದಾರಿಯಲ್ಲಿ ಎದುರಾದ ನಂಜಣ್ಣ "ಎತ್ತಾಗ್ ಹೊಂಟೆ ಚಾಮುಂಡಕ್ಕ" ಎಂದು ಕೇಳಲು ಬಾಯಿ ತೆರೆದವನು, ಅವಳ ನಡಿಗೆ ನೋಡಿ ಸುಮ್ಮನೆ ಪಕ್ಕಕ್ಕೆ ಸರಿದ.

ಕಾರ್ಡು ಬರೆದವರು ಮಾರ್ಗರೆಟ್ ಮೇಡಂ. ಹತ್ತೊಂಬತ್ತು ವರ್ಷದ ಹಿಂದೆ ಹೊಗೆಸೊಪ್ಪು ಕಟ್ಟುವ ಹೆಂಗಸರ ಫೋಟೋ ತೆಗೆಯಲೆಂದು ಬಂದು, ನಾಲ್ಕು ತಿಂಗಳು ಚಾಮುಂಡಮ್ಮನ ಮನೆಯಲ್ಲೇ ಉಳಿದಿದ್ದ ಹೆಂಗಸು. ಮುದ್ದೆ ನುಂಗಲು ಕಲಿತರು. ಕನ್ನಡ ಕಲಿತದ್ದು ಮಾತ್ರ ನಾಲ್ಕೇ ಮಾತು: ಬಿಸಿ, ನೀರು, ಸಾಕು, ಇನ್ನೊಂದು. ಆ ನಾಲ್ಕೂ ಬಚ್ಚಲಲ್ಲಿ ಕಲಿತವು. ಶನಿವಾರ ಶನಿವಾರ ಚಾಮುಂಡಮ್ಮ ಅವರ ತಲೆಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ತಿಕ್ಕಿ, ಹಂಡೆಯ ನೀರನ್ನು ಚೊಂಬು ಚೊಂಬಾಗಿ ಹುಯ್ಯುತ್ತಿದ್ದಳು. ಒಂದು ಶನಿವಾರ ಮೇಡಂ ಏನೋ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಸುನಂದಮ್ಮ ಅದನ್ನು ಕನ್ನಡದಲ್ಲಿ ಹೇಳಿದಳು: "ಅವ್ರೂರಲ್ಲಿ ಸೌದೆ ಇಲ್ದೆ, ಒಲೆ ಇಲ್ದೆ, ನೆಲದಿಂದ್ಲೇ ಬಿಸಿನೀರು ಉಕ್ತದಂತೆ ಅಕ್ಕ. ಎರಡು ಸಾವಿರ ವರ್ಷದಿಂದ್ಲೂವೆ. ನೀನು ಬಾ, ನಿಂಗೆ ನಾನು ನೀರು ಹುಯ್ತೀನಿ ಅಂತವ್ರೆ."

ಹನ್ನೆರಡನೇ ವಯಸ್ಸಿಗೆ ಒಲೆಯ ಮುಂದೆ ಕುಳಿತವಳು ಚಾಮುಂಡಮ್ಮ. ಅತ್ತೆಗೆ, ಮಾವನಿಗೆ, ಬಾಣಂತಿಯರಿಗೆ, ಕೂಸುಗಳಿಗೆ ಎಂದು ಅವಳು ಕಾಯಿಸಿ ಹುಯ್ದ ನೀರಿಗೆ ಲೆಕ್ಕವಿಲ್ಲ. ಅವಳ ತಲೆಗೆ ಇನ್ನೊಬ್ಬರು ನೀರು ಹುಯ್ದದ್ದು ಅವಳ ಬಾಣಂತನದಲ್ಲಿ, ಅದೂ ಹನ್ನೊಂದೇ ದಿನ. ಮೇಡಂ ಆಡಿದ ಆ ಒಂದು ಮಾತನ್ನು ಅವಳು ಹತ್ತೊಂಬತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

ಈ ವರ್ಷ ಯುಗಾದಿ ಕಳೆದ ಮೇಲೆ ಮೇಡಂ ಸುನಂದಮ್ಮನ ಫೋನಿಗೆ ಬರೆದರು. ನನಗೆ ಎಪ್ಪತ್ತನಾಲ್ಕು, ಕಾಲು ಇನ್ನೂ ನಡೆಯುತ್ತಿದೆ, ನೀವಿಬ್ಬರೂ ಬಂದುಬಿಡಿ, ಟಿಕೆಟ್ಟು ನನ್ನದು ಎಂದು. ಇಂಗ್ಲಿಷು ಬರುತ್ತಿದ್ದದ್ದು ಸುನಂದಮ್ಮನಿಗೆ. ಅವಳು ಅಂಗನವಾಡಿ ಟೀಚರು, ಪಿಯುಸಿ ಪಾಸು. ಚಾಮುಂಡಮ್ಮನದು ಊರ ಸ್ಕೂಲಿನ ಏಳನೇ ಕ್ಲಾಸು. ಇಬ್ಬರೂ ಮೈಸೂರಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿದರು. ಸುನಂದಮ್ಮನ ಮಗಳು ಪವಿತ್ರಾ ಫೋನಿನಲ್ಲಿ ಬಾತ್ ಎಂಬ ಆ ಊರಿನ ವಿಡಿಯೋ ತೋರಿಸುವಳು. ಚಾಮುಂಡಮ್ಮ ನೋಟುಪುಸ್ತಕದಲ್ಲಿ ಬರೆದುಕೊಳ್ಳುವಳು. ಮೊದಲ ದಿನ ಬಿಸಿನೀರಿನ ಹಳೇ ಕೊಳ. ಅದಕ್ಕೆ ಇಳಿಯಲು ಬಿಡುವುದಿಲ್ಲ, ನೋಡುವುದಷ್ಟೇ. ಎರಡನೇ ದಿನ ದೊಡ್ಡ ಚರ್ಚು. ಅದರ ಗೋಡೆಯ ಮೇಲೆ ಕಲ್ಲಿನ ದೇವತೆಗಳು ಏಣಿ ಹತ್ತುತ್ತಿದ್ದವು, ಒಂದೆರಡು ತಲೆಕೆಳಗಾಗಿ ಇಳಿಯುತ್ತಿದ್ದವು. ಮೂರನೇ ದಿನ ಎರಡೂ ಕಡೆ ಅಂಗಡಿ ಕಟ್ಟಿದ ಸೇತುವೆ. ನಾಲ್ಕನೇ ದಿನ ಹೊಸ ಕಟ್ಟಡದ ಮಾಳಿಗೆಯ ಮೇಲಿನ ಕೊಳ, ಅದಕ್ಕೆ ಇಳಿಯಬಹುದು. ಆ ಸಾಲಿನ ಕೆಳಗೆ ಚಾಮುಂಡಮ್ಮ ಎರಡು ಗೆರೆ ಎಳೆದಿದ್ದಳು.

"ಅದ್ಯಾವ್ದೇ ಊರು? ಬಾತಾ? ಖಾರಾಬಾತೋ ಚೌಚೌಬಾತೋ?" ಎಂದು ಗಂಡ ಚೆಲುವಯ್ಯ ರೇಗಿಸಿದರೆ, "ನೀವು ಇಲ್ಲೇ ಉಪ್ಪಿಟ್ಟು ತಿನ್ಕೊಂಡ್ ಬಿದ್ದಿರಿ" ಎನ್ನುವಳು. ಬೈಲಕುಪ್ಪೆಗೆ ಹೋಗಿ ಟಿಬೆಟಿನವರ ಅಂಗಡಿಯಲ್ಲಿ ನೀಲಿ ಸ್ವೆಟರು ಕೊಂಡು ತಂದಳು. ಸೀಗೆಪುಡಿ ಕುಟ್ಟಿಟ್ಟಳು.

ಶ್ರಾವಣದಲ್ಲಿ ಸುನಂದಮ್ಮ ಸಪ್ಪೆ ಮುಖ ಮಾಡಿಕೊಂಡು ಬಂದಳು. ಮೇಡಂಗೆ ಹುಷಾರಿಲ್ಲ ಅಕ್ಕ, ಬರುವ ವರ್ಷ ನೋಡೋಣ ಅಂದವ್ರೆ ಎಂದಳು. ಚಾಮುಂಡಮ್ಮ ಚಾಮುಂಡಿಬೆಟ್ಟಕ್ಕೆ ಹರಕೆ ಹೊತ್ತಳು, ಮೇಡಂ ಚೆನ್ನಾಗಾಗಲಿ ಎಂದು. ಹೋದ ವಾರ ಸುನಂದಮ್ಮ, ಪವಿತ್ರಾಳನ್ನು ಕರೆದುಕೊಂಡು ಹದಿನೈದು ದಿನ ಕಾಶಿಗೆ ಹೋಗಿಬರುತ್ತೇನೆ ಎಂದಿದ್ದಳು. ಕಾಶಿಯಲ್ಲೂ ಚಳಿ ಎಂದು ಚಾಮುಂಡಮ್ಮ ಆ ನೀಲಿ ಸ್ವೆಟರನ್ನು ತಾನೇ ಕೊಂಡುಹೋಗಿ ಪವಿತ್ರಾಳಿಗೆ ಕೊಟ್ಟಿದ್ದಳು.

ಸುನಂದಮ್ಮನ ಮನೆಯ ನಡುಮನೆಯಲ್ಲಿ ಎರಡು ದೊಡ್ಡ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದ್ದವು. ಒಂದರಲ್ಲಿ ಮೇಲುಗಡೆಯೇ ನೀಲಿ ಸ್ವೆಟರು.

"ಲೇ ಸುನಂದಿ! ನಾನು ಯಾವತ್ತೇ ಸತ್ತೆ?"

ಮಡಿಸುತ್ತಿದ್ದ ಸೀರೆ ಸುನಂದಮ್ಮನ ಕೈಯಲ್ಲೇ ನಿಂತಿತು. ಅವಳು ಕಾರ್ಡನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಮೆತ್ತಗೆ ನಕ್ಕಳು.

"ಅಯ್ಯೋ, ಅದಾ! ಕೂತ್ಕೊ ಅಕ್ಕ, ಹೇಳ್ತೀನಿ. ಆಷಾಢದಾಗೆ ನಿನ್ ನೆತ್ತಿಗೆ ಕಾಗೆ ಹೊಡೀಲಿಲ್ವಾ? ಮರ್ತ್‌ಬುಟ್ಯಾ?"

ಚಾಮುಂಡಮ್ಮ ಮರೆತಿರಲಿಲ್ಲ. ಸೊಪ್ಪು ಕಟ್ಟುತ್ತಿದ್ದವಳ ನೆತ್ತಿಗೆ ಕಾಗೆ ಎರಗಿ ಹೋಗಿತ್ತು. ಕಾಗೆ ತಲೆ ಮುಟ್ಟಿದರೆ ಗಂಡಾಂತರ. ಅದು ಕಳೆಯಬೇಕಾದರೆ ಹತ್ತಿರದವರಿಗೆ ಸತ್ತಳೆಂದು ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ನಿಜವಾಗಿ ಅಳಬೇಕು. ಅತ್ತ ಕೂಡಲೇ ನಿಜ ಹೇಳಿಬಿಡಬೇಕು. ಸಾಲಿಗ್ರಾಮದಲ್ಲಿದ್ದ ಅಕ್ಕ ಮರಮ್ಮನಿಗೆ ಅವತ್ತು ಫೋನು ಮಾಡಿದವಳು ಇದೇ ಸುನಂದಮ್ಮ. ಮರಮ್ಮ ಎದೆ ಬಡಿದುಕೊಂಡು ಅತ್ತು, ಕಾಲು ಗಂಟೆಯಲ್ಲಿ ನಿಜ ಗೊತ್ತಾಗಿ, ಆಮೇಲೆ ಅರ್ಧ ಗಂಟೆ ಬಯ್ದಿದ್ದಳು.

"ನಿಮ್ಮಕ್ಕನ ಕಣ್ಣೀರು ಸಾಲ್ದೆ ಹೋದ್ರೆ ಅಂತ ಮೇಡಂಗೂ ಒಂದ್ ಮಾತು ಹಾಕ್ದೆ ಅಕ್ಕ. ನಿನ್ ಆಯಸ್ಸು ಗಟ್ಟಿ ಆಗ್ಲಿ ಅಂತ. ಅವ್ರಷ್ಟು ನಿಂಗೋಸ್ಕರ ಅಳೋರು ಇನ್ಯಾರವ್ರೆ? ಕಾರ್ಡು ಆಗ್ಲೇ ಹಾಕಿರ್ತಾರೆ, ಟಪಾಲು ತಡ."

ಚಾಮುಂಡಮ್ಮನ ಮೈಯ ಬಿಸಿ ಇಳಿಯಿತು. ಗೋಡೆಗೆ ಒರಗಿ ಕುಳಿತುಬಿಟ್ಟಳು. ಮೂವತ್ತು ವರ್ಷದ ಸ್ನೇಹವನ್ನು ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬಯ್ದುಕೊಂಡು ಬಂದೆನಲ್ಲ ಎಂದು ನಾಚಿಕೆಯಾಯಿತು. ಪವಿತ್ರಾ ಕಾಫಿ ತಂದಳು. ಚಾಮುಂಡಮ್ಮ ಒಂದು ಗುಟುಕು ಕುಡಿದಳು.

"ಮೂರ್ ದಿನ ಅತ್ರಂತೆ ಕಣೇ. ನಮ್ಮಕ್ಕ ಕಾಲ್ ಗಂಟೆ ಅತ್ಲು. ಇನ್ನೂ ಏನೇನ್ ಬರ್ದವ್ರೋ. ಪವಿತ್ರಾ, ತಗೋ, ಓದವ್ವ. ಬದುಕಿದ್ದಾಗ್ಲೇ ಕೇಳ್ಬುಡ್ತೀನಿ."

"ಈಗ್ಯಾಕೆ ಅಕ್ಕ, ಕಾಫಿ ಕುಡಿ..." ಎಂದು ಸುನಂದಮ್ಮ ಕೈ ಚಾಚುವುದರೊಳಗೆ ಪವಿತ್ರಾ ಕಾರ್ಡು ಬಿಡಿಸಿದ್ದಳು. ಇಂಗ್ಲಿಷಿನಲ್ಲಿ ಒಂದು ಸಾಲು ನೋಡಿಕೊಂಡು, ಕನ್ನಡದಲ್ಲಿ ನಿಧಾನವಾಗಿ ಹೇಳುತ್ತಾ ಹೋದಳು.

"ಅವಳು ಹುಯ್ದ ಬಿಸಿನೀರನ್ನು ನನ್ನ ನೆತ್ತಿ ಇನ್ನೂ ಮರೆತಿಲ್ಲ..."

"ಅಯ್ಯೋ ಪಾಪ" ಎಂದಳು ಚಾಮುಂಡಮ್ಮ, ಕಣ್ಣೊರೆಸಿಕೊಂಡು.

"ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ನಾನು ಅವಳಿಗೆ ಕೊಟ್ಟ ಮಾತನ್ನು ನಡೆಸಲಾಗಲಿಲ್ಲ. ಆದರೆ ಸಾಯುವ ಮುಂಚೆ ಅವಳು ಸುನಂದಾಳ ಕೈ ಹಿಡಿದು, ನನ್ನ ಬದಲು..."

ಪವಿತ್ರಾ ನಿಲ್ಲಿಸಿದಳು.

"ನನ್ ಬದ್ಲು?"

"ದೊಡ್ಡಮ್ಮ..."

"ಓದೇ."

"ನನ್ನ ಬದಲು ಪವಿತ್ರಾಳನ್ನು ಕರ್ಕೊಂಡು ಹೋಗು ಅಂದಳಂತೆ. ಆ ಕೊನೇ ಆಸೆ ಈಗ ನೆರವೇರ್ತಾ ಇದೆ. ಭಾನುವಾರ ಅವರಿಬ್ಬರೂ ಬಂದಾಗ ನೀರಿನ ಹತ್ರ ನಿಂತು ಅವಳನ್ನು ನೆನೀತೀವಿ."

ಚಾಮುಂಡಮ್ಮ ಕಾಫಿ ಲೋಟವನ್ನು ನೆಲಕ್ಕೆ ಇಟ್ಟಳು. ಎಸೆಯಲಿಲ್ಲ. ಅವಳು ಎಸೆಯದೆ ಇದ್ದದ್ದನ್ನು ಕಂಡೇ ಸುನಂದಮ್ಮ ಹೆದರಿದಳು.

"ಮೇಡಂ ಅತ್ರು. ಗಂಡಾಂತರ ಕಳೀತು. ಬದುಕವ್ಳೆ ಅಂತ ಯಾವತ್ ಹೇಳ್ದೆ?"

"ಅಕ್ಕ..."

"ನಮ್ಮಕ್ಕಂಗೆ ಕಾಲ್ ಗಂಟೇಲಿ ಹೇಳ್ದೆ. ಮೇಡಂಗೆ ಯಾವತ್ ಹೇಳ್ದೆ? ಆಷಾಢ ಹೋಯ್ತು, ಶ್ರಾವಣ ಹೋಯ್ತು, ಗೌರಿ ಹಬ್ಬ ಆಯ್ತು, ದಸರಾ ಆಯ್ತು. ಸಾಯ್ಸಿದ್ದಲ್ದೆ ನನ್ ಬಾಯಲ್ಲಿ ಮಾತು ಬೇರೆ ತುರುಕಿದ್ಯಲ್ಲೇ!"

"ಅಮ್ಮಾ, ದೊಡ್ಡಮ್ಮಂಗೆ ಮೊಣಕಾಲು ನೋವು, ಅವ್ರೇ ಬರಲ್ಲ ಅಂದ್ರು, ಕಣ್ ಬೀಳ್ತದೆ, ಹೊರಡೋವರ್ಗೂ ಆ ಮಾತು ಎತ್ಬೇಡ ಅಂದಿದ್ಯಲ್ಲ ನೀನು?" ಎಂದು ಪವಿತ್ರಾ ಅಮ್ಮನ ಕಡೆ ತಿರುಗಿದಳು.

ಸುನಂದಮ್ಮ ಇದ್ದಕ್ಕಿದ್ದಂತೆ ಜೋರಾದಳು. "ಹೂಂ ಅಂದೆ! ನೀನ್ ಹೋಗಿ ಏನ್ ಮಾಡ್ತಿದ್ದೆ ಅಕ್ಕ? ನೀರ್ ನೋಡ್ಕೊಂಡ್ ಬತ್ತಿದ್ದೆ. ಇವ್ಳಿಗೆ ಇಪ್ಪತ್ತೆರಡು. ಡಿಗ್ರಿ ಮುಗ್ಸಿ ಮನೇಲ್ ಕೂತವ್ಳೆ. ಒಂದ್ಸಲ ಮೇಡಂ ಕಣ್ಣಿಗೆ ಬಿದ್ರೆ ಅಲ್ಲೇ ಏನಾರಾ ಓದ್ಸ್ತಾರೆ. ಬರೀ ನೀನ್ ಬರಲ್ಲ ಅಂದ್ರೆ ಅವ್ರು ಕಾಯ್ತೀನಿ ಅಂತಿದ್ರು. ಬದುಕಿರೋರ್ಗೆ ಯಾರಾದ್ರೂ ಕಾಯ್ತಾರೆ."

"ಬಾಯ್ಬುಟ್ ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ ಜಾಗವ."

ಈ ಮಾತು ನಿಜವೋ ಅಲ್ಲವೋ ಚಾಮುಂಡಮ್ಮನಿಗೇ ಗೊತ್ತಿರಲಿಲ್ಲ. ಬಹುಶಃ ಕೊಡುತ್ತಿರಲಿಲ್ಲ. ಎರಡು ದಿನ ಕೂಗಾಡಿ, ಮೂರನೇ ದಿನ ಕೊಡುತ್ತಿದ್ದಳೋ ಏನೋ. ಈಗ ಅದನ್ನು ತಿಳಿಯುವ ದಾರಿಯೂ ಇರಲಿಲ್ಲ.

"ಫೋನ್ ಮಾಡು. ನೀನೇ ಸಾಯ್ಸಿದ್ದು, ನೀನೇ ಬದುಕ್ಸು."

"ಈಗ್ಲೇ ಹೇಳಿದ್ರೆ ಎಲ್ಲಾ ಕೆಟ್ಟೋಯ್ತದೆ ಅಕ್ಕ. ನಾಲ್ಕೇ ದಿನ. ವೀಸಾ ಆಗದೆ, ನಿಂದು ಹೆಂಗೂ ಆಗಿಲ್ಲ. ಹೋಗಿ ಬಂದ್‌ಬುಟ್ಟು ಹೇಳ್ತೀನಿ, ನಿನ್ ಕಾಲಿಗ್ ಬೀಳ್ತೀನಿ. ಆ ನೀರ್ನ ಒಂದ್ ಬಾಟ್ಲೀಲಿ ತಂದ್ಕೊಡ್ತೀನಿ."

ಅಲ್ಲಿಯವರೆಗೂ ಏನೋ ಒಂದು ಉಳಿದಿತ್ತು. ಬಾಟ್ಲಿಯ ಮಾತು ಬಂದ ಮೇಲೆ ಅದೂ ಉಳಿಯಲಿಲ್ಲ.

ಚಾಮುಂಡಮ್ಮ ಎದ್ದಳು. ಸೂಟ್‌ಕೇಸಿನ ನೀಲಿ ಸ್ವೆಟರಿಗೆ ಕೈ ಹಾಕಿ, ಮತ್ತೆ ಅಲ್ಲೇ ಬಿಟ್ಟಳು. ಪವಿತ್ರಾಳ ಕೈಯಿಂದ ಕಾರ್ಡು ತೆಗೆದುಕೊಂಡು ರವಿಕೆಯೊಳಗೆ ಸಿಕ್ಕಿಸಿಕೊಂಡಳು. ಅಂಗಳಕ್ಕೆ ಬಂದು ನಲ್ಲಿಯ ಕೆಳಗಿನ ಬಿಂದಿಗೆಯನ್ನು ಎತ್ತಿದಳು. ತುಂಬಿದ ಸಣ್ಣ ಬಿಂದಿಗೆ, ತಣ್ಣನೆಯ ನೀರು. ಸುನಂದಮ್ಮ ಬಾಗಿಲಿಗೆ ಓಡಿಬಂದಳು. ತನ್ನ ಮೇಲೆ ಎರಚುತ್ತಾಳೆಂದು ಒಂದು ಹೆಜ್ಜೆ ಹಿಂದೆ ಸರಿದಳು.

ಚಾಮುಂಡಮ್ಮ ಬಲಗೈಯಿಂದ ಕಾರ್ಡಿದ್ದ ಎದೆಯನ್ನು ಮುಚ್ಚಿಕೊಂಡು, ತಲೆ ಮುಂದಕ್ಕೆ ಬಾಗಿಸಿ, ಇಡೀ ಬಿಂದಿಗೆಯನ್ನು ಎಡಗೈಯಲ್ಲೇ ತನ್ನ ನೆತ್ತಿಯ ಮೇಲೆ ಕವುಚಿಕೊಂಡಳು.

"ಬ್ಯಾಡ ಅಕ್ಕ! ಹಂಗ್ ಮಾಡ್ಬೇಡ!" ಎಂದು ಸುನಂದಮ್ಮ ಕಿರುಚಿದಳು. ಎದುರು ಮನೆಯ ಜಗುಲಿಯಲ್ಲಿದ್ದವರು ಎದ್ದು ನಿಂತರು. ಯಾರೋ ತೀರಿಕೊಂಡ ಸುದ್ದಿ ಬಂದಾಗಲ್ಲದೆ ನಡುಹಗಲಲ್ಲಿ, ಉಟ್ಟ ಸೀರೆಯಲ್ಲೇ, ಯಾರೂ ತಲೆಗೆ ತಣ್ಣೀರು ಹುಯ್ದುಕೊಳ್ಳುವುದಿಲ್ಲ. ಅದನ್ನು ಬಿಡಿಸಿ ಹೇಳುವ ಅಗತ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಬಿಂದಿಗೆಯನ್ನು ಮತ್ತೆ ನಲ್ಲಿಯ ಕೆಳಗೇ ನೆಟ್ಟಗೆ ಇಟ್ಟು, ಚಾಮುಂಡಮ್ಮ ನೀರು ತೊಟ್ಟಿಕ್ಕುತ್ತಾ ನಡೆದಳು.

ಡೈರಿಯ ಹತ್ತಿರ ಕಿರಣ್‌ಕುಮಾರ್ ಸಿಕ್ಕಿದ. ಅವಳ ತಲೆ ನೋಡಿ ಬೈಕು ನಿಲ್ಲಿಸಿದ.

"ಯಾರಮ್ಮ ತೀರ್ಕೊಂಡದ್ದು?"

"ಸುನಂದ."

"ಏನಮ್ಮಾ ಅಂಗಂತೀರಿ? ಬೆಳಿಗ್ಗೆ ತಾನೇ ನೋಡಿದ್ನಲ್ಲ..."

"ನಂಗೂ ಈಗ್ಲೇ ಗೊತ್ತಾಗಿದ್ದು ಕಣಪ್ಪ." ಅವಳು ಕಾರ್ಡು ತೆಗೆದು ಕೊಟ್ಟಳು. ಬಿಳಿ ಹೂವಿನ ಒಂದು ಮೂಲೆ ಮಾತ್ರ ಒದ್ದೆಯಾಗಿತ್ತು. "ಅದ್ರಾಗೆ ಮೇಡಂ ನಂಬ್ರು ಅದೆ ಅಂದ್ಯಲ್ಲ. ನಂದೊಂದು ಫೋಟೋ ಹೊಡ್ದು ಕಳ್ಸು."

"ಹಿಂಗೇವಾ? ತಲೆ ಒರ್ಸ್ಕೊಳಿ, ಮನೆ ತಾವ್ಲೇ ತೆಗೀತೀನಿ."

"ಹಿಂಗೇಯ."

ಕಿರಣ್‌ಕುಮಾರ್ ಫೋನು ಎತ್ತಿ ಹಿಡಿದ. "ಏನಂತ ಬರೀಲಿ?"

ಚಾಮುಂಡಮ್ಮನಿಗೆ ಬಯ್ಗುಳವೆಲ್ಲ ಬಾಯಿಗೆ ಬಂದು ನಿಂತಿತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದವಳು ಆ ಮನೆಯಲ್ಲಿ ಉಳಿದಿದ್ದಳು.

"ಮೇಡಂಗೆ ಗೊತ್ತಿರೋ ಕನ್ನಡ ನಾಲ್ಕೇ ಮಾತು. ಅದ್ರಲ್ಲೇ ಒಂದ್ ಹಾಕು. ಸಾಕು ಅಂತ ಬರಿ."

ಅವನು ಬರೆದ. ಅವಳು ನಗಲಿಲ್ಲ, ಮುಖವನ್ನೂ ಒರೆಸಿಕೊಳ್ಳಲಿಲ್ಲ. ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಾ ನಿಂತಳು.