ಬೇರೆ ಪುಟದ ಮೇಲಿನ ಬೆರಳು

ಉಳಿದವರೆಲ್ಲ ಎಲ್ಲಿ ಹೋದರು, ಎಂದು ಜೋರಾಗಿಯೇ ಕೇಳಿಬಿಟ್ಟೆ, ಯಾರನ್ನು ಕೇಳಿದೆನೋ, ಖಾಲಿ ಬೆಂಚುಗಳನ್ನೋ, ಹಿಂದಿನ ಗೋಡೆಯ ನಕಾಶೆಯನ್ನೋ — ಕರೆಂಟು ಹೋಯಿತು, ಆದದ್ದು ಅಷ್ಟೇ, ಕಾಂಪೌಂಡಿನಾಚೆ ಶೆಡ್ಡಿನ ಲೇತ್ ಮೆಷಿನ್ನುಗಳು ಒಮ್ಮೆಗೇ ನಿಂತವು, ಪೀಣ್ಯದ ಈ ಶಾಲೆಗೆ ಬಂದ ಹನ್ನೊಂದು ವರ್ಷದಿಂದ ನನ್ನ ಪ್ರತಿ ಪಾಠದ ಅಡಿಯಲ್ಲಿ ತಂಬೂರಿಯ ಹಾಗೆ ಮೊರೆಯುತ್ತಿದ್ದ ಸದ್ದು ಇಲ್ಲವಾಯಿತು, ಆ ಮೌನದಲ್ಲಿ ಎಂಟನೇ ಕ್ಲಾಸಿನ ಮೂವತ್ತೆಂಟು ಮಕ್ಕಳು ಒಕ್ಕೊರಲಲ್ಲಿ ಹೇಳುತ್ತಿದ್ದ ಷಟ್ಪದಿ ಬರೀ ಐದಾರು ಗಂಟಲಿನದಾಗಿ ಕೇಳಿಸಿತು, ತೆಳ್ಳಗೆ, ನೀರು ಹೆಚ್ಚಾದ ಮಜ್ಜಿಗೆಯ ಹಾಗೆ, ನಾನು ಕಣ್ಣು ಬಿಟ್ಟೆ. ಪದ್ಯದ ನಡುವೆ ಕಣ್ಣು ಬಿಡುವವಳಲ್ಲ ನಾನು. ಅಜ್ಜ ಸಂಜೆ ಪಡಸಾಲೆಯಲ್ಲಿ ಕಾವ್ಯ ಓದುತ್ತಿದ್ದರೆ ಕಂಬಕ್ಕೊರಗಿ ಕೂರುತ್ತಿದ್ದೆ, ಒಮ್ಮೆ ಬೀದಿಯ ಕಡೆ ಕಣ್ಣು ಹಾಯಿಸಿದ್ದಕ್ಕೆ ಓದು ನಿಲ್ಲಿಸಿ, ಕೇಳೋದೂ ಪೂಜೆ ಕಣೇ ಸುಮಂಗಲಾ, ಪೂಜೆಗೆ ಕೂತೋರು ಆ ಕಡೆ ಈ ಕಡೆ ನೋಡ್ತಾರಾ ಅಂದರು, ಅವತ್ತಿನಿಂದ ಪದ್ಯ ಶುರುವಾದರೆ ರೆಪ್ಪೆಗಳು ತಾವಾಗಿಯೇ ಮುಚ್ಚುತ್ತವೆ, ಐವತ್ತೊಂಬತ್ತರ ಈ ವಯಸ್ಸಿನಲ್ಲೂ, ಊಟದ ನಂತರದ ಈ ಪೀರಿಯಡ್ಡಿನಲ್ಲೂ — ಮತ್ತು ಈಗ ತೆರೆದ ಕಣ್ಣಿಗೆ ಮೊದಲು ಬಿದ್ದದ್ದು ಮೊದಲನೇ ಬೆಂಚಿನ ಹೊಳೆವ್ವ, ಅವಳ ತೆರೆದ ಪುಸ್ತಕ, ಅದರ ಮೇಲೆ ಎಡದಿಂದ ಬಲಕ್ಕೆ ನಿಧಾನ ಸರಿಯುತ್ತಿರುವ ಅವಳ ತೋರುಬೆರಳು, ಸಾಲು ಮುಗಿದಾಗ ಇಳಿಯುತ್ತದೆ, ಯತಿಯಲ್ಲಿ ನಿಲ್ಲುತ್ತದೆ, ಒಂದು ಮಾತ್ರೆ ತಪ್ಪುವುದಿಲ್ಲ, ಆದರೆ ಆ ಪುಟದಲ್ಲಿ ಬಾವಿಯ ಚಿತ್ರವಿದೆ. ಪದ್ಯಕ್ಕೆ ಚಿತ್ರವಿಲ್ಲ. ಅದು ಗದ್ಯಪಾಠ, ಇನ್ನೂ ನಾನು ಮಾಡಿಯೇ ಇಲ್ಲದ ಪಾಠ, ಅದರ ಮೇಲೆ ಬೆರಳು ಹೋಗುತ್ತಲೇ ಇದೆ, ಬಾಯಿ ಪದ್ಯ ಹೇಳುತ್ತಲೇ ಇದೆ.

ಉತ್ತರ ಕೊಟ್ಟವಳು ಪ್ರಿಯಾಂಕಾ, ನಾಗಸಂದ್ರದವಳು, ಬಾಯಿ ಜೋರು, ನಗು ತಡೆಯಲಾಗದೆ ಎದ್ದು ನಿಂತಳು, ಹಿಂದಿನ ಬಾಗ್ಲಲ್ಲಿ ಹೋಗ್ತಾರೆ ಮಿಸ್, ನೀವ್ ಕಣ್ ಮುಚ್ಚಿದ್ ತಕ್ಷಣ, ಪದ್ಯ ಮುಗಿಯೋಷ್ಟ್ರಲ್ಲಿ ವಾಪಸ್ ಬಂದ್ಬಿಡ್ತಾರೆ, ಎಲ್ಲಾರೂ ದಿನಾ ಹೋಗಲ್ಲ ಮಿಸ್, ಟರ್ನ್ ಇದೆ, ಐದ್ ಜನ ಒಳಗಿದ್ದು ಜೋರಾಗ್ ಹೇಳ್ಬೇಕು, ಹೊಳೆವ್ವಂಗೆ ಮಾತ್ರ ಟರ್ನ್ ಇಲ್ಲ, ಅವ್ಳು ಪರ್ಮನೆಂಟು, ನಾವೆಲ್ಲ ಕಾಂಟ್ರಾಕ್ಟು. ನಕ್ಕರು, ಒಳಗಿದ್ದವರೆಲ್ಲ ನಕ್ಕರು, ಹೊಳೆವ್ವ ಮಾತ್ರ ನಗಲಿಲ್ಲ, ಬೆರಳನ್ನು ಪುಸ್ತಕದಿಂದ ತೆಗೆದು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಳು. ಎಷ್ಟು ದಿನದಿಂದ ಎಂದು ಕೇಳಬಾರದಿತ್ತು, ಕೇಳಿದೆ, ಏಳನೇ ಕ್ಲಾಸಿಂದ ಮಿಸ್. ಏಳನೇ ಕ್ಲಾಸಿನಿಂದ. ಆಗಲೇ ಅಲ್ಲವೇ ಸಿಂಧನೂರಿನ ಕಡೆಯಿಂದ ಈ ಹುಡುಗಿ ಬಂದದ್ದು, ಅಪ್ಪ ಸೆಂಟ್ರಿಂಗ್ ಕೆಲಸದವನು, ಶೀಟಿನ ಮನೆ, ನಾಲ್ಕು ಊರು ನಾಲ್ಕು ಶಾಲೆ ಸುತ್ತಿ ಬಂದವಳು, ಒಂದು ಸಲ ಹೇಳಿದ ಪದ್ಯವನ್ನು ಮರುದಿನ ರಾಗ ಸಮೇತ ಒಪ್ಪಿಸಿದಳು, ನನಗೆ ಮೈಯೆಲ್ಲ ಜುಮ್ಮೆಂದಿತು, ಮನೆಯಲ್ಲಿ ಊಟಕ್ಕೆ ಕೂತಾಗ ಅವಳ ಹೆಸರು ಬಾರದ ದಿನವಿಲ್ಲ, ನಿನ್ನ ಹೊಳೆವ್ವ ಏನಂದಳು ಇವತ್ತು ಎಂದು ಇವರೇ ಕೇಳುವಷ್ಟು — ಓದುವ ಮನಸ್ಸೇ ಇಲ್ಲದ ಈ ಮಕ್ಕಳ ನಡುವೆ, ಹೋಮ್‌ವರ್ಕ್ ಎಂದರೆ ಆಕಳಿಸುವ, ಓದಿ ಏನ್ ಮಾಡ್ಬೇಕು ಮಿಸ್, ನಮ್ಮಣ್ಣ ಎಂಟಕ್ಕೇ ಬಿಟ್ಟು ಪೌಡರ್ ಕೋಟಿಂಗ್ ಫ್ಯಾಕ್ಟ್ರಿಗೆ ಹೋಗ್ತಾನೆ ಅನ್ನುವ ಈ ಮಕ್ಕಳ ನಡುವೆ ಒಬ್ಬಳಿದ್ದಾಳೆ ಎಂದುಕೊಂಡಿದ್ದೆ. ಪುಟ ತಿರುಗಿಸಿ ಬೇರೆ ಸಾಲು ತೋರಿಸಿ ಓದು ಎಂದೆ. ಓದಲಿಲ್ಲ. ಒಂದು ಪದ, ಎಂದೆ. ಇದು ಯಾವ ಅಕ್ಷರ, ಇದೊಂದೇ, ಎಂದೆ, ಅವಳು ಆ ಅಕ್ಷರವನ್ನು ಪರಿಚಯವಿಲ್ಲದ ನೆಂಟರನ್ನು ನೋಡುವ ಹಾಗೆ ನೋಡಿದಳು. ಮತ್ತೆ ನೋಟ್‌ಬುಕ್ಕು, ಅಷ್ಟು ದುಂಡಗಿನ ಬರಹ, ಪರೀಕ್ಷೆಯ ಉತ್ತರ, ಎಂದೆ, ಪ್ರಿಯಾಂಕಾನ ಪೇಪರ್ ನೋಡಿ ರಂಗೋಲಿ ಹಾಕಿದಂಗ ಹಾಕ್ತಿದ್ನಿ ಮಿಸ್, ಅಂದಳು, ನೆಲ ನೋಡುತ್ತ. ಉಕ್ತಲೇಖನ ಕೊಡುವುದನ್ನು ನಾನು ಬಿಟ್ಟು ಎಷ್ಟು ವರ್ಷವಾಯಿತು, ಲೇತಿನ ಗದ್ದಲದಲ್ಲಿ ಮಕ್ಕಳಿಗೆ ಕೇಳಿಸುವುದಿಲ್ಲ ಎಂದು ಬಿಟ್ಟೆ, ಗದ್ದಲದಲ್ಲಿ ಪದ್ಯ ಮಾತ್ರ ಚೆನ್ನಾಗಿ ಕೇಳುತ್ತಿತ್ತು ನನಗೆ. ಯಾರೂ ಒಂದು ಮಾತು ಹೇಳಲಿಲ್ಲವಲ್ಲ ನನಗೆ, ಎಂದೆ, ಪ್ರಿಯಾಂಕಾ ನಗು ನಿಲ್ಲಿಸಿ ಮೆತ್ತಗೆ ಹೇಳಿದಳು, ನೀವ್ ಖುಷಿ ಪಡ್ತಿದ್ರಲ್ಲ ಮಿಸ್, ಪಾಪ ಅಂತ. ಪಾಪ ಅಂತ.

ಪಾಪ ಅಂತ — ಕಾರಿಡಾರಿನಲ್ಲಿ ನಡೆಯುತ್ತಿದ್ದೇನೆ, ಕಾಲ ಕೆಳಗೆ ಅನ್ನದ ಅಗುಳು, ಅಡುಗೆಯ ವೆಂಕಟಮ್ಮ ಪಾತ್ರೆ ತಿಕ್ಕುತ್ತ, ಯಾಕ್ ಮೇಡಂ ಮುಖ ಇಂಗಾಗದೆ ಅಂದಳು, ಹೇಳಿದೆ, ಅಯ್ಯೋ ಅದಾ, ನನ್ ತಾವ್ಲೇ ಬಂದು ಕುಂತ್ಕಂತವೆ, ಸಾರಿನ ತಳ ಕೆರ್ಕಂಡು ತಿಂತವೆ, ನಿಮ್ಗೆ ಗೊತ್ತಿದ್ದೇ ಬಿಟ್ಟಿದೀರ ಅಂದ್ಕಂಡಿದ್ದೆ. ಇವಳಿಗೂ ಗೊತ್ತು. ನಾಳೆ ಓದಿನ ಪರೀಕ್ಷೆ, ಮೇಲಿನವರು ಬರುತ್ತಾರೆ, ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುತ್ತಾರೆ, ನನ್ನ ಕ್ಲಾಸಿನ ಮೂವತ್ತೆಂಟೂ ಮಕ್ಕಳು ಸರಾಗವಾಗಿ ಓದುತ್ತಾರೆ ಎಂದು ನಾನೇ ಬರೆದು ಸಹಿ ಹಾಕಿಕೊಟ್ಟಿದ್ದೇನೆ, ಮೊದಲು ಓದುವವಳು ಹೊಳೆವ್ವ ಎಂದೂ ಬರೆದಿದ್ದೇನೆ, ಎಂಥ ಹೆಮ್ಮೆಯಲ್ಲಿ ಬರೆದೆ ಆ ಹೆಸರನ್ನು. ಹೆಡ್ಮಾಸ್ಟರ್ ಅಂಬರೀಶ್ ಟೀ ಆರಿಸಿಕೊಳ್ಳುತ್ತ ಕೇಳಿಸಿಕೊಂಡರು, ನನ್ನ ಮಗನ ವಯಸ್ಸಿನವರು, ಬೆಚ್ಚಲಿಲ್ಲ, ಈಗ ಗೊತ್ತಾಯ್ತಾ ಮೇಡಂ ಅಂದರು. ಅವರಿಗೂ. ಏನ್ ಮಾಡೋದ್ ಹೇಳಿ, ಎಂಟರ ತನಕ ಫೇಲ್ ಮಾಡಂಗಿಲ್ಲ, ಮನಸ್ಸಿಲ್ದೋರ್ಗೆ ಬಲವಂತ ಮಾಡಂಗಿಲ್ಲ, ಬೇರೆ ಕ್ಲಾಸಲ್ಲಿ ಹೊಡೆದಾಟ, ನಿಮ್ಮ ಕ್ಲಾಸಲ್ಲಿ ಪದ್ಯ, ನನಗೆ ಅದೇ ಸಮಾಧಾನ, ಯಾಕ್ ಕೆಡಿಸ್ಲಿ ಅಂತ ಸುಮ್ನಿದ್ದೆ, ನಾಳೆ ಆ ಪದ್ಯದ ಪುಟಾನೇ ತೆಗೆದು ಕೊಡಿ, ಹುಡುಗಿ ಹೇಳ್ತಾಳೆ, ಸಾಹೇಬ್ರು ಹೋಗ್ತಾರೆ, ಮುಗೀತು. ಛೀ ಎಂದು ಎದ್ದು ಬಂದೆ, ಹೌದು, ಛೀ ಎಂದೇ ಎಂದೆ, ಒಂದನೇ ಕ್ಲಾಸಿನಿಂದ ಸ್ಲೇಟು ಬಳಪ ಎತ್ತಿಕೊಂಡೆ, ಇವತ್ತೇ ಅ ಆ ಶುರು, ಗಂಟೆ ಹೊಡೆದ ಮೇಲೆ ಕೂರಿಸಿಕೊಳ್ಳುತ್ತೇನೆ, ದಿನಾ ಒಂದು ತಾಸು, ನಾಳೆ ಏನಾದರೂ ಆಗಲಿ, ಸಹಿ ಹಾಕಿದವಳು ನಾನು, ತಪ್ಪಾಯಿತು ಎನ್ನುತ್ತೇನೆ, ಇನ್ನೊಂದು ವರ್ಷಕ್ಕೆ ರಿಟೈರ್ ಆಗುವವಳನ್ನು ಏನು ಮಾಡಿಯಾರು — ಏನು ಮಾಡಿಯಾರು, ನಗುತ್ತಾರೆ, ಮೂವತ್ತು ವರ್ಷ ಕಣ್ಣು ಮುಚ್ಚಿ ಪಾಠ ಮಾಡಿದಳಂತೆ ಎಂದು ಒಂದೊಂದು ಸ್ಟಾಫ್ ರೂಮಿನಲ್ಲೂ ನಗುತ್ತಾರೆ, ಹಿಂದಿನ ಶಾಲೆಗಳಲ್ಲಿ, ಅಲ್ಲಿಯೂ ಹಿಂದೆ ಬಾಗಿಲಿತ್ತಲ್ಲವೇ, ಆ ಮಕ್ಕಳೂ, ಅಯ್ಯೋ, ಆ ಮಕ್ಕಳೂ ಹೀಗೆಯೇ...

ಕರೆಂಟು ಇನ್ನೂ ಬಂದಿಲ್ಲ. ಎಲ್ಲರೂ ಹೋದರು, ಇರು ಎಂದಿದ್ದಕ್ಕೆ ಹೊಳೆವ್ವ ಒಬ್ಬಳೇ ಕೂತಿದ್ದಾಳೆ, ಚೀಲ ತೊಡೆಯ ಮೇಲೆ. ಬೈಯಬೇಕೆಂದಿದ್ದೆ, ನನಗೇ ಯಾಕೆ ಹೀಗೆ ಮಾಡಿದೆ ಎಂದು ಕೇಳಬೇಕೆಂದಿದ್ದೆ, ಬೆರಳನ್ನಾದರೂ ಯಾಕೆ ಆಡಿಸಿದೆ, ಸುಮ್ಮನೆ ಬಾಯಲ್ಲಿ ಹೇಳಿದ್ದರೂ ನಂಬುತ್ತಿದ್ದೆನಲ್ಲ, ಆ ಬೆರಳು, ಬಾವಿಯ ಚಿತ್ರದ ಪಕ್ಕ ಅಷ್ಟು ಭಕ್ತಿಯಿಂದ ಸರಿದ ಆ ಬೆರಳು, ಕಣ್ಣು ಮುಚ್ಚಿದವಳಿಗಾಗಿ ಯಾರಾದರೂ ಬೆರಳು ಆಡಿಸುತ್ತಾರೆಯೇ, ಯಾರು ನೋಡಲಿ ಎಂದು ಆಡಿಸಿದಳು ಇವಳು. ಸ್ಲೇಟನ್ನು ಬೆಂಚಿನ ಮೇಲಿಟ್ಟೆ. ಬಾ, ಮೊದಲಿನಿಂದ ಶುರು ಮಾಡೋಣ, ಎನ್ನಬೇಕು, ಈ ಮಾತು ನಾಲಿಗೆಯ ತುದಿಯಲ್ಲಿದೆ, ಹೇಳು ಸುಮಂಗಲಾ, ಹೇಳು — ನನ್ನ ಬಾಯಿಂದ ಬಂದದ್ದು ಬೇರೆ, ಹೊಳೆವ್ವ, ನಾಳೆ ಒಂದ್ ದಿನ, ಆ ಪದ್ಯದ ಪುಟ ನಾನೇ ತೆಗೆದಿಟ್ಟಿರ್ತೀನಿ, ಓದಿದ ಹಾಗೆ ಹೇಳ್ಬಿಡಮ್ಮ, ಅವರು ಹೋದ್ಮೇಲೆ ಅಕ್ಷರ ಕಲಿಸ್ತೀನಿ, ದೇವರಾಣೆ ಕಲಿಸ್ತೀನಿ. ಯಾರ ದನಿ ಇದು, ಅಂಗಲಾಚುವ ಈ ದನಿ. ಹುಡುಗಿ ಎದ್ದು ನಿಂತಳು, ಚೀಲ ಹೆಗಲಿಗೆ ಹಾಕಿಕೊಂಡಳು, ನನ್ನನ್ನು ನೋಡಿದಳು, ಎರಡು ವರ್ಷದಲ್ಲಿ ಈ ಮುಖವನ್ನು ಹೀಗೆ ಎದುರುಬದುರಾಗಿ ನಾನು ನೋಡಿದ್ದೇ ಇಲ್ಲ, ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆಯಿದೆ. ಇಷ್ಟ್ ದಿನಾ ನಿಮಗ ಗೊತ್ತಿದ್ದಿಲ್ಲ ಮಿಸ್, ಅದಕ್ಕ ಓದಿದಂಗ ಹೇಳ್ತಿದ್ನಿ, ಅಂದಳು. ಈಗ ಒಲ್ಲೆ.