ಗಾಜಿನಾಚೆಯ ಮೈಕು

ಆ ಬೆಳಿಗ್ಗೆ ಪೆರ್ಲಿತಾ ಪುರಸಭೆಯ ಜನನ ನೋಂದಣಿ ಕೌಂಟರಿನಲ್ಲಿ ಕೂತಿದ್ದಳೇ ಹೊರತು ಹೆಗಲಿನ ಚೀಲವನ್ನು ಕೆಳಗಿಟ್ಟಿರಲಿಲ್ಲ. ಜನನ ಪತ್ರ ತಡವಾಯಿತೆಂದು ಹೋದ ವಾರ ಯಾರೋ ಮಹಾನುಭಾವ ಅವಳ ಮೇಲೆ ಸ್ಟೇಪ್ಲರ್ ಎಸೆದಿದ್ದ. ಹಣೆಯ ಬುಗುಟು ಇಳಿದಿತ್ತು, ಎದೆಯ ನಡುಕ ಇಳಿದಿರಲಿಲ್ಲ.

"ಇವತ್ತು ಇನ್ನೊಬ್ಬ ಕೂಗಾಡಿದ್ರೆ ಎದ್ದು ಹೋಗ್ತೀನಿ ಮೇಡಂ. ಚಿಕ್ಕಮ್ಮನ ಹೋಟ್ಲಲ್ಲಿ ಮೀನು ಹುರ್ಕೊಂಡಿರ್ತೀನಿ" ಎಂದು ಮೇಲಧಿಕಾರಿ ರೆಮೆದಿಯೋಸ್‌ಗೆ ಹೇಳಿಬಿಟ್ಟಿದ್ದಳು. ಈ ಕೆಲಸವೆಂದರೆ ಅವಳಿಗೆ ಪ್ರಾಣ. ಊರಿನ ಪ್ರತಿ ಕೂಸಿನ ಹೆಸರೂ ಮೊದಲು ಅವಳ ಕೈಯಿಂದಲೇ ಅಚ್ಚಾಗುತ್ತಿತ್ತು.

ಅವಳ ರಕ್ಷಣೆಗೆಂದು ಪುರಸಭೆ ಕೌಂಟರಿಗೆ ದಪ್ಪ ಗಾಜು ಹಾಕಿಸಿತ್ತು. ಜೊತೆಗೆ ಅವಳ ಕಣ್ಣೆದುರಿಗೇ "ನಗುತ್ತಿರಿ" ಎಂಬ ಫಲಕ. ಪೆಟ್ಟು ತಿಂದವಳೇ ನಗಬೇಕಂತೆ! ಗಾಜಿನಿಂದಾಗಿ ಮಾತು ಕೇಳಿಸದು, ತರಿಸಬೇಕಿದ್ದ ಮೈಕು ಇನ್ನೂ ಬಂದಿರಲಿಲ್ಲ. ಕರೆಂಟಿನ ಕೆಲಸದ ಹಿರಿಯ ಇಸ್ಕೊ ತಲೆ ಓಡಿಸಿದ. ಹಿಂದಿನ ದಿನ ಖಜಾಂಚಿಯ ಹುಟ್ಟುಹಬ್ಬದಲ್ಲಿ ಎಲ್ಲರೂ ಹಾಡಿ ಗಂಟಲು ಹರಿದುಕೊಂಡಿದ್ದ ಕರಾವೋಕೆ ಪೆಟ್ಟಿಗೆಯನ್ನೇ ತಂದು, ಒಂದು ಮೈಕು ಗಾಜಿನ ಆಚೆ, ಒಂದು ಈಚೆ ಕಟ್ಟಿದ.

"ಹಾಡು ಬಂದ್ ಮಾಡಿದೀನಿ ಕಣಮ್ಮ, ಯೋಚ್ನೆ ಬೇಡ."

ಹಾಡು ಬಂದ್ ಮಾಡಿದ್ದ. ಹಾಡಿದವರಿಗೆ ಪೆಟ್ಟಿಗೆ ನೂರಕ್ಕಿಷ್ಟೆಂದು ಅಂಕ ಕೊಡುವುದನ್ನು ಬಂದ್ ಮಾಡಲು ಮರೆತಿದ್ದ.

ಬಾಗಿಲು ತೆರೆದದ್ದೇ ತಡ, ಸಾಲನ್ನೆಲ್ಲ ತಳ್ಳಿಕೊಂಡು ಜನ ಸಾಗಿಸುವ ಜೀಪ್ನಿ ಬಂಡಿಗಳ ಮಾಲೀಕ ಅನಾಕ್ಲೆತೊ ಮುಂದೆ ಬಂದು ಮೈಕು ಹಿಡಿದ.

"ಏನಮ್ಮಾ, ಕುರ್ಚಿ ಬಿಸಿ ಮಾಡೋಕಾ ನಿಂಗೆ ಸಂಬಳ? ನಾನ್ಯಾರು ಗೊತ್ತಾ? ಚರ್ಚಲ್ಲಿ ನಾಮಕರಣಕ್ಕೆ ನನ್ ಮಗನ್ನ ಎತ್ಕೊಂಡು ನಿಂತೋನೇ ಮೇಯರ್ರು! ಪತ್ರ ಈಗ್ಲೇ ಬೇಕು!"

ಕಟ್ಟಡವೆಲ್ಲ ಗುಡುಗಿತು. ಪೆರ್ಲಿತಾ ಚೀಲ ಬಿಗಿಹಿಡಿದು ಎದ್ದಳು. ಅವನು ಉಸಿರೆಳೆದುಕೊಳ್ಳಲು ನಿಂತ. ಪೆಟ್ಟಿಗೆಯಿಂದ ಕಹಳೆ ಮೊಳಗಿ, ಹೆಣ್ಣು ದನಿಯೊಂದು ಜೇನು ಸುರಿಸುತ್ತಾ ಹೇಳಿತು: "ನಲವತ್ತೆರಡು! ಇನ್ನೂ ಅಭ್ಯಾಸ ಬೇಕು!"

ಸಾಲಿನ ಹಿಂದಿನಿಂದ ಮುದುಕಿಯೊಬ್ಬಳು, "ಶ್ರುತಿ ಸೇರ್ಲಿಲ್ಲ ಕಣಪ್ಪಾ!" ಎಂದಳು. ಜನ ಬಿದ್ದು ಬಿದ್ದು ನಕ್ಕರು. ಆ ಊರಲ್ಲಿ ಸಾಲ ಮಾಡಿದವನಿಗೂ ಮರ್ಯಾದೆಯುಂಟು, ಕರಾವೋಕೆಯಲ್ಲಿ ನಲವತ್ತೆರಡು ತೆಗೆದವನಿಗಿಲ್ಲ.

"ನಿಲ್ಸ್ರೀ ಇದನ್ನ!" ಅನಾಕ್ಲೆತೊ ಮೈಕಿಗೇ ಅರಚಿದ.

"ಮೂವತ್ತೊಂದು!"

ಪೆರ್ಲಿತಾಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಯುವಷ್ಟರಲ್ಲಿ ಎದೆಯ ನಡುಕ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಕೂತು, ತನ್ನ ಮೈಕನ್ನು ಹತ್ತಿರಕ್ಕೆಳೆದುಕೊಂಡಳು. "ಅಣ್ಣಾ, ನಿಮ್ಮ ಕೆಲಸ ಮಾಡ್ಕೊಡ್ತೀನಿ. ಆದ್ರೆ ನನ್ ಮೇಲೆ ಕೂಗ್ಬೇಡಿ. ಹೋಗಿ ಸಾಲಲ್ಲಿ ನಿಂತ್ಕೊಳಿ."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಕಹಳೆ ಮತ್ತೆ ಮೊಳಗಿತು. "ತೊಂಬತ್ತೆಂಟು! ಅಮೋಘ!"

ಚಪ್ಪಾಳೆಯೋ ಚಪ್ಪಾಳೆ. ಅನಾಕ್ಲೆತೊ ಸುತ್ತ ನೋಡಿದ. "ಮನೇಲಿ ತೊಂಬತ್ತರ ಕೆಳಗೆ ಇಳಿದೇ ಇಲ್ಲ ನಾನು" ಎಂದು ಗೊಣಗುತ್ತಾ ಸಾಲಿನ ಕೊನೆಗೆ ನಡೆದ.

ಇಸ್ಕೊ ಗಾಬರಿಯಾಗಿ ಪೆಟ್ಟಿಗೆ ಆರಿಸಲು ಓಡಿ ಬಂದ. "ಮುಟ್ಟಿದ್ರೆ ನೋಡು!" ಎಂದು ರೆಮೆದಿಯೋಸ್ ಗದರಿದಳು. ಆಮೇಲೆ ಪೆರ್ಲಿತಾಳ ಎದುರಿಗಿದ್ದ "ನಗುತ್ತಿರಿ" ಫಲಕವನ್ನು ಕಿತ್ತು, ಗಾಜಿನ ಆಚೆ, ಸಾಲಿನವರಿಗೆ ಕಾಣುವಂತೆ ಅಂಟಿಸಿ ಬಂದಳು.

"ಮೊದ್ಲೇ ಮಾಡ್ಬೇಕಿತ್ತು ಕಣೇ" ಎಂದಳು, ಅವಳ ಮುಖ ನೋಡಲಾರದೆ.

ಪೆರ್ಲಿತಾ ಚೀಲವನ್ನು ಗೂಟಕ್ಕೆ ನೇತುಹಾಕಿದಳು. "ಮುಂದಿನವ್ರು ಬನ್ನಿ."